ಗಾಳಿಯ ದಾರಿ ಹಿಡಿಯಿರಿ: ಇನ್‌ಟೇಕ್ ಮ್ಯಾನಿಫೋಲ್ಡ್ ಬಲ್ಲವರಾಗಲು 12 ಸೂತ್ರಗಳು

ಗ್ಯಾರೇಜಿಗೆ ಒಂದು ಕಾರು ಬರುತ್ತದೆ. ‘ಪಿಕಪ್ ಇಲ್ಲ ಸಾರ್, ಸಿಗ್ನಲ್ಲಲ್ಲಿ ನಿಂತರೆ ಗಾಡಿ ನಡುಗುತ್ತೆ, ಪೆಟ್ರೋಲೂ ಜಾಸ್ತಿ ಕುಡೀತಿದೆ’ ಅನ್ನುತ್ತಾರೆ ಮಾಲೀಕರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ನೇರವಾಗಿ ಪ್ಲಗ್ಗಿಗೆ ಕೈ ಹಾಕುತ್ತಾನೆ. ಪ್ಲಗ್ ಹೊಸದಾಯಿತು, ಕಾಯಿಲ್ ಹೊಸದಾಯಿತು, ಇಂಜೆಕ್ಟರ್ ತೊಳೆದದ್ದಾಯಿತು. ಬಿಲ್ಲು ಬೆಳೆಯಿತು, ನಡುಕ ಮಾತ್ರ ಇದ್ದ ಹಾಗೇ ಇತ್ತು. ಕಡೆಗೆ ಸಿಕ್ಕಿದ್ದು ಮ್ಯಾನಿಫೋಲ್ಡಿನ ಹಿಂಬದಿಯಲ್ಲಿ ಬಿರುಕು ಬಿಟ್ಟಿದ್ದ ಕಿರುಬೆರಳು ಗಾತ್ರದ ಒಂದು ರಬ್ಬರ್ ಪೈಪು.

ಇಂಥ ಗಾಡಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಎಂಜಿನ್ ಕೆಲಸ ಕಲಿಯುವ ಮಕ್ಕಳಿಗೆ ಕಿಡಿಯ ಬಗ್ಗೆ, ಇಂಧನದ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಗಾಳಿಯ ಬಗ್ಗೆ ಹೇಳುವವರು ಕಡಿಮೆ. ಆದರೆ ಪೆಟ್ರೋಲ್ ಎಂಜಿನ್ನಿನ ಶಕ್ತಿ ಎಷ್ಟೆಂದು ತೀರ್ಮಾನಿಸುವುದು ಗಾಳಿ. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಅದನ್ನು ಉರಿಸುವಷ್ಟು ಗಾಳಿ ಒಳಗೆ ಹೋಗಬೇಕಲ್ಲ! ಆ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕವಲು ಕೊಳವೆಯೇ ಇನ್‌ಟೇಕ್ ಮ್ಯಾನಿಫೋಲ್ಡ್. ಐಟಿಐ ಮುಗಿಸಿ ಈಗಷ್ಟೇ ಗ್ಯಾರೇಜಿಗೆ ಕಾಲಿಟ್ಟವರಿಗೂ, ತಮ್ಮ ಗಾಡಿಯನ್ನು ತಾವೇ ಅರಿಯಬೇಕೆನ್ನುವವರಿಗೂ ಈ ಸೂತ್ರಗಳು.

1. ಗಾಳಿಯನ್ನು ತಳ್ಳುವುದು ವಾತಾವರಣ ಎಂಬುದನ್ನು ಮನಸ್ಸಿಗೆ ಇಳಿಸಿಕೊಳ್ಳಿ

ಎಂಜಿನ್ ಗಾಳಿಯನ್ನು ಎಳೆಯುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ನಡೆಯುವುದು ಬೇರೆ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಜಾಗವಾಗುತ್ತದೆ, ಒತ್ತಡ ಇಳಿಯುತ್ತದೆ. ಹೊರಗಿನ ವಾತಾವರಣ ಆ ಜಾಗಕ್ಕೆ ಗಾಳಿಯನ್ನು ನೂಕುತ್ತದೆ. ಅಂದರೆ ಹೊರಗೆ ಒತ್ತಡ ಎಷ್ಟಿದೆಯೋ ಅಷ್ಟೇ ನಮ್ಮ ಬಂಡವಾಳ.

ಮಂಗಳೂರಿನ ಕಡಲ ದಂಡೆಯಲ್ಲಿ ಈ ಬಂಡವಾಳ ಸುಮಾರು 101 ಕಿಲೋಪ್ಯಾಸ್ಕಲ್. ಸಮುದ್ರಮಟ್ಟದಿಂದ 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ, ಅಂದರೆ 1,930 ಮೀಟರಿನಲ್ಲಿ, 80ರ ಆಸುಪಾಸು. ಟರ್ಬೊ ಇಲ್ಲದ ಕಾರು ಚಿಕ್ಕಮಗಳೂರಿನ ಘಟ್ಟ ಹತ್ತುವಾಗ ಏದುಸಿರು ಬಿಡುವುದಕ್ಕೆ ಏರು ಒಂದು ಕಾರಣ, ತೆಳುವಾದ ಗಾಳಿ ಇನ್ನೊಂದು. ಟರ್ಬೊ ಇರುವ ಗಾಡಿಯಲ್ಲಿ ಒಂದು ಗಾಳಿಚಕ್ರ ಈ ಕೊರತೆಯನ್ನು ತುಂಬಿಕೊಡುತ್ತದೆ. ಇದು ತಲೆಯಲ್ಲಿದ್ದರೆ ‘ಬೆಟ್ಟದಲ್ಲಿ ಗಾಡಿ ಎಳೆಯಲ್ಲ’ ಎಂದು ಬಂದವರ ಎಂಜಿನ್ನನ್ನು ಸುಮ್ಮನೆ ಬಿಚ್ಚುವುದು ತಪ್ಪುತ್ತದೆ.

2. ಒಂದು ಸಲವಾದರೂ ಕಾಗದ ಹಿಡಿದು ಲೆಕ್ಕ ಹಾಕಿ

ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗುತ್ತದೆ, ಆದ್ದರಿಂದ ಅದಕ್ಕೆ 11 ಕಿಲೋ ಗಾಳಿ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ. ಭಾಗಿಸಿ ನೋಡಿ: ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ 6,000 ಲೀಟರಿನ ನೀರಿನ ಟ್ಯಾಂಕರ್ ಕಣ್ಣ ಮುಂದೆ ತಂದುಕೊಳ್ಳಿ. ಒಂದೂವರೆ ಟ್ಯಾಂಕರ್ ತುಂಬ ಗಾಳಿ, ಒಂದು ನೀರಿನ ಬಾಟಲಿಯಷ್ಟು ಪೆಟ್ರೋಲಿಗೆ.

ಇನ್ನೊಂದು ಲೆಕ್ಕ ಸಮಯದ್ದು. ಎಂಜಿನ್ 3,000 ಆರ್‌ಪಿಎಂನಲ್ಲಿ ತಿರುಗುವಾಗ ಒಂದು ಸುತ್ತಿಗೆ ಸೆಕೆಂಡಿನ ಐವತ್ತನೇ ಒಂದು ಭಾಗ. ಪಿಸ್ಟನ್ ಕೆಳಗಿಳಿದು ಗಾಳಿ ತುಂಬಿಕೊಳ್ಳಲು ಇರುವುದು ಅದರಲ್ಲಿ ಅರ್ಧ, 10 ಮಿಲಿಸೆಕೆಂಡ್. 6,000 ಆರ್‌ಪಿಎಂಗೆ ಹೋದರೆ ಬರೀ 5. ನಾವು ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ಒಂದು ಸಿಲಿಂಡರ್ ಎಷ್ಟೋ ಸಲ ಉಸಿರಾಡಿ ಮುಗಿಸಿರುತ್ತದೆ. 1.2 ಲೀಟರಿನ ಎಂಜಿನ್ 3,000 ಆರ್‌ಪಿಎಂನಲ್ಲಿ, ಥ್ರೊಟಲ್ ಪೂರ್ತಿ ತೆರೆದಿದ್ದರೆ, ಸೆಕೆಂಡಿಗೆ ಸುಮಾರು 30 ಲೀಟರ್ ಗಾಳಿ ಕೇಳುತ್ತದೆ. ಇಷ್ಟು ಗಾಳಿ ಇಷ್ಟು ಅವಸರದಲ್ಲಿ ಹೋಗುವ ದಾರಿಯಲ್ಲಿ ಒಂದು ಚೂಪು ಅಂಚು, ಒಂದು ಮಡಿಕೆ, ಹೊರಚಾಚಿದ ಗ್ಯಾಸ್ಕೆಟ್ಟಿನ ಒಂದು ತುಣುಕು ಎಷ್ಟು ತೊಂದರೆ ಕೊಡಬಹುದೆಂದು ಆಗ ಅರ್ಥವಾಗುತ್ತದೆ.

3. ಗಾಳಿಯ ಜೊತೆ ಮೊದಲಿಂದ ಕೊನೆವರೆಗೆ ನಡೆದು ಬನ್ನಿ

ಬಾನೆಟ್ ಎತ್ತಿ. ಗಾಳಿ ಒಳಬರುವ ಮೂತಿಯ ಮೇಲೆ ಬೆರಳಿಟ್ಟು ಶುರುಮಾಡಿ. ಅಲ್ಲಿಂದ ಏರ್ ಫಿಲ್ಟರ್ ಡಬ್ಬ. ಮುಂದೆ ಸುಕ್ಕುಸುಕ್ಕಾದ ರಬ್ಬರ್ ಕೊಳವೆ. ಅದರ ತುದಿಗೆ ಥ್ರೊಟಲ್ ಬಾಡಿ. ಒಳಗೊಂದು ತಟ್ಟೆಯಂಥ ಬಾಗಿಲು, ನೀವು ಆಕ್ಸಿಲರೇಟರ್ ಒತ್ತಿದಷ್ಟು ತೆರೆಯುತ್ತದೆ. ಅದರಾಚೆ ಮ್ಯಾನಿಫೋಲ್ಡಿನ ಹೊಟ್ಟೆ, ಅದನ್ನು ಪ್ಲೀನಮ್ ಅನ್ನುತ್ತಾರೆ. ಹೊಟ್ಟೆಯಿಂದ ಸಿಲಿಂಡರಿಗೊಂದರಂತೆ ಹೊರಡುವ ಕವಲುಗಳು ರನ್ನರುಗಳು. ರನ್ನರಿನ ಕೊನೆಯಲ್ಲಿ ಗ್ಯಾಸ್ಕೆಟ್, ಹೆಡ್ಡಿನ ಪೋರ್ಟ್, ಇನ್‌ಟೇಕ್ ವಾಲ್ವ್.

ಈ ನಡಿಗೆಯನ್ನು ಹತ್ತು ಬೇರೆ ಬೇರೆ ಗಾಡಿಗಳಲ್ಲಿ ಮಾಡಿ. ಹನ್ನೊಂದನೇ ಗಾಡಿಯಲ್ಲಿ ಕಣ್ಣು ತಾನಾಗಿಯೇ ಸಡಿಲವಾದ ಕ್ಲಿಪ್ಪಿನ ಕಡೆ ಹೋಗುತ್ತದೆ.

4. ಕಾಲುವೆಯ ಕೊನೇ ಭಾಗದ ರೈತನನ್ನು ನೆನಪಿಟ್ಟುಕೊಳ್ಳಿ

ತುಂಗಭದ್ರಾ ಎಡದಂಡೆ ಕಾಲುವೆಯ ಕಥೆ ರಾಯಚೂರಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದ ಹೊಲಗಳು ತೊಯ್ದು ತೊಪ್ಪೆಯಾದ ಮೇಲೂ ಕೊನೇ ಭಾಗದವರಿಗೆ ನೀರು ಮುಟ್ಟುವುದಿಲ್ಲ. ಮ್ಯಾನಿಫೋಲ್ಡಿಗೂ ಇದೇ ಪರೀಕ್ಷೆ. ನಾಲ್ಕು ಸಿಲಿಂಡರಿಗೂ ಸಮಪಾಲು ಸಿಕ್ಕಿದರೆ ಎಂಜಿನ್ ನಯವಾಗಿ ಓಡುತ್ತದೆ. ಒಂದಕ್ಕೆ ಕಡಿಮೆಯಾದರೆ ಆ ಒಂದರ ಕೊರತೆಯನ್ನು ಇಡೀ ಗಾಡಿ ನಡುಗಿ ತೋರಿಸುತ್ತದೆ.

ಕಾರ್ಬುರೇಟರ್ ಕಾಲದಲ್ಲಿ ಈ ಹಂಚಿಕೆ ಇನ್ನೂ ಕಷ್ಟವಿತ್ತು. ಆಗ ಮ್ಯಾನಿಫೋಲ್ಡಿನಲ್ಲಿ ಗಾಳಿಯ ಜೊತೆ ಪೆಟ್ರೋಲಿನ ಹನಿಗಳೂ ಹೋಗುತ್ತಿದ್ದವು. ಗಾಳಿ ಹಗುರ, ತಿರುವಿನಲ್ಲಿ ಸುಲಭವಾಗಿ ತಿರುಗುತ್ತದೆ. ಹನಿ ಭಾರ, ನೇರ ಹೋಗಿ ಗೋಡೆಗೆ ಬಡಿದು ಅಂಟಿಕೊಳ್ಳುತ್ತದೆ. ಒಂದು ಸಿಲಿಂಡರಿಗೆ ಪೆಟ್ರೋಲ್ ಜಾಸ್ತಿ, ಪಕ್ಕದ್ದಕ್ಕೆ ಕಡಿಮೆ. ನಮ್ಮ ಅಂಬಾಸಡರಿನ 1,489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರಿಗೆ ಇದ್ದದ್ದು ಎರಡೇ ಇನ್‌ಟೇಕ್ ಪೋರ್ಟು, ಇಬ್ಬಿಬ್ಬರಿಗೆ ಒಂದೊಂದು ಬಾಗಿಲು. ಅದರ ಕಿಡಿ ಹಾರುವ ಸರದಿ 1-3-4-2. ಎರಡರ ಹಿಂದೆಯೇ ಒಂದು, ಮೂರರ ಹಿಂದೆಯೇ ನಾಲ್ಕು. ಒಂದೇ ಬಾಗಿಲಿನಿಂದ ಇಬ್ಬರು ಬೆನ್ನಿಗೆ ಬೆನ್ನಾಗಿ ಉಸಿರೆಳೆದರೆ ಒಬ್ಬರ ಪಾಲು ಇನ್ನೊಬ್ಬರಿಗೆ ಹೋಗದೆ ಇರುತ್ತದೆಯೇ? ಅದನ್ನು ಟ್ಯೂನ್ ಮಾಡುತ್ತಿದ್ದ ಹಳೆಯ ಮೇಸ್ತ್ರಿಗಳು ಸ್ಕ್ರೂ ಡ್ರೈವರನ್ನು ಕಾಲು ಸುತ್ತು ತಿರುಗಿಸಿ, ಕಣ್ಣು ಮುಚ್ಚಿ ಸದ್ದು ಆಲಿಸುತ್ತಿದ್ದರು. ಅವರ ಕಿವಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಎಂಪಿಎಫ್‌ಐ, ಅಂದರೆ ಸಿಲಿಂಡರಿಗೊಂದು ಇಂಜೆಕ್ಟರ್ ಇಡುವ ಪದ್ಧತಿ, ಬಂದ ಮೇಲೆ ಪೆಟ್ರೋಲನ್ನು ವಾಲ್ವಿನ ಬಾಗಿಲಲ್ಲೇ ಚಿಮ್ಮಿಸುತ್ತಾರೆ. ಮ್ಯಾನಿಫೋಲ್ಡಿನೊಳಗೆ ಹೋಗುವುದು ಗಾಳಿ ಮಾತ್ರ. ಹಂಚಿಕೆ ಎಷ್ಟೋ ಸುಧಾರಿಸಿತು.

5. ಕೊಳವೆಯ ಉದ್ದವನ್ನು ಗೌರವಿಸಿ

ಇಡೀ ಮ್ಯಾನಿಫೋಲ್ಡಿನಲ್ಲಿ ನನಗೆ ಅತಿ ಅಚ್ಚರಿ ಹುಟ್ಟಿಸುವ ಭಾಗ ಇದು. ತುಸು ನಿಧಾನವಾಗಿ ಓದಿ.

ಬಾವಿಯೊಳಕ್ಕೆ ಬಗ್ಗಿ ಕೂಗಿದರೆ ದನಿ ತಳ ಮುಟ್ಟಿ ತಿರುಗಿ ಬರುತ್ತದಲ್ಲ, ರನ್ನರಿನೊಳಗೂ ಅಂಥದೇ ಮರುದನಿ ಓಡಾಡುತ್ತದೆ. ಪಿಸ್ಟನ್ ರಭಸದಿಂದ ಕೆಳಗಿಳಿದಾಗ ವಾಲ್ವಿನ ಹತ್ತಿರ ಒತ್ತಡ ಕುಸಿಯುತ್ತದೆ. ಆ ಕುಸಿತ ಒಂದು ಅಲೆಯಾಗಿ ಕೊಳವೆಯಲ್ಲಿ ಹಿಂದಕ್ಕೆ, ಪ್ಲೀನಮ್ಮಿನ ಕಡೆಗೆ, ಶಬ್ದದ ವೇಗದಲ್ಲಿ ಹೋಗುತ್ತದೆ. ಸೆಕೆಂಡಿಗೆ ಹತ್ತಿರ ಹತ್ತಿರ 340 ಮೀಟರ್. ಕೊಳವೆಯ ಬಾಯಿ ಪ್ಲೀನಮ್ಮಿಗೆ ತೆರೆದುಕೊಳ್ಳುವಲ್ಲಿ ಅಲೆ ತಲೆಕೆಳಗಾಗುತ್ತದೆ: ಕುಸಿತವಾಗಿ ಹೋದದ್ದು ಒತ್ತಡವಾಗಿ ಹಿಂತಿರುಗುತ್ತದೆ. ಆ ಒತ್ತಡದ ಅಲೆ ವಾಲ್ವ್ ಮುಚ್ಚುವುದಕ್ಕೆ ಸ್ವಲ್ಪ ಮುಂಚೆ ಬಂದು ತಲುಪಿದರೆ, ಬಾಗಿಲು ಹಾಕುವ ಹೊತ್ತಿಗೆ ಇನ್ನೊಂದಿಷ್ಟು ಗಾಳಿಯನ್ನು ಸಿಲಿಂಡರಿನೊಳಕ್ಕೆ ನೂಕುತ್ತದೆ. ಯಾವ ಪಂಪೂ ಇಲ್ಲ, ಯಾವ ಖರ್ಚೂ ಇಲ್ಲ. ಸರಿಯಾಗಿ ಹೊಂದಿದ ವೇಗದಲ್ಲಿ ಸಿಲಿಂಡರ್ ತನ್ನ ಅಳತೆಗಿಂತ ಹೆಚ್ಚು ಗಾಳಿ ತುಂಬಿಕೊಳ್ಳಲೂ ಸಾಧ್ಯ.

ಎಲ್ಲ ಇರುವುದು ಸಮಯದಲ್ಲಿ. 40 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಅಲೆ ಹೋಗಿ ಬರಲು 2.4 ಮಿಲಿಸೆಕೆಂಡ್ ಸಾಕು. ಎಂಜಿನ್ ವೇಗವಾಗಿ, ಸುಮಾರು 6,000 ಆರ್‌ಪಿಎಂನಲ್ಲಿ ತಿರುಗುವಾಗ ಇದು ಹೊಂದುತ್ತದೆ. ನಿಧಾನ ವೇಗದಲ್ಲಿ ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ. ಅಲೆ ಮೊದಲೇ ಬಂದು ವ್ಯರ್ಥವಾಗುತ್ತದೆ. ಆಗ ಅಲೆಯನ್ನು ತಡವಾಗಿ ಕರೆಸಬೇಕು, ಅಂದರೆ ದಾರಿ ಉದ್ದವಾಗಬೇಕು. ಉದ್ದ ಕೊಳವೆ ಕೆಳವೇಗದ ಎಳೆತಕ್ಕೆ, ಗಿಡ್ಡ ಕೊಳವೆ ಮೇಲುವೇಗದ ಓಟಕ್ಕೆ. ಈ ಒಂದು ಸಾಲು ಬಾಯಿಪಾಠ ಆಗಲಿ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿದ್ದು ಅಮೆರಿಕದ ಕ್ರೈಸ್ಲರ್ ಕಂಪನಿ. 1960ರ ಅವರ 300ಎಫ್ ಕಾರಿನಲ್ಲಿ 30 ಅಂಗುಲದ, ಅಂದರೆ 76 ಸೆಂಟಿಮೀಟರಿನ ರನ್ನರುಗಳು. ವಿ8 ಎಂಜಿನ್ನಿನ ಎಡಗಡೆಯ ಕಾರ್ಬುರೇಟರ್ ಬಲಗಡೆಯ ಸಿಲಿಂಡರುಗಳಿಗೆ, ಬಲಗಡೆಯದು ಎಡಗಡೆಗೆ. ಕೊಳವೆಗಳು ಕೈಕಟ್ಟಿ ಕುಳಿತಂತೆ ಒಂದನ್ನೊಂದು ದಾಟಿ ಹೋಗುತ್ತಿದ್ದವು. ಅಲೆ ಹೋಗಿ ಬರಲು ಸುಮಾರು 4.5 ಮಿಲಿಸೆಕೆಂಡ್. ಎಳೆತದ ಶಿಖರ ಬಿದ್ದದ್ದು 2,800 ಆರ್‌ಪಿಎಂನಲ್ಲಿ, ಶಕ್ತಿ 375 ಅಶ್ವಶಕ್ತಿ. ಇನ್ನೂ ಚಂದದ ಸಂಗತಿ ಮುಂದಿದೆ. ಹೆಚ್ಚು ವೇಗ ಬೇಕೆನ್ನುವವರಿಗೆ ಅದೇ ಕೊಳವೆಗಳ ಹೊರ ಆಕಾರವನ್ನು ಹಾಗೇ ಇಟ್ಟು, ಒಳಗಿನ ತಡೆಗೋಡೆಗಳನ್ನು ಅರ್ಧದವರೆಗೆ ತೆಗೆದು, ಅಲೆಯ ಪಾಲಿಗೆ ಉದ್ದವನ್ನು 15 ಅಂಗುಲಕ್ಕೆ ಇಳಿಸಿದರು. ಎಂಜಿನ್ 400 ಅಶ್ವಶಕ್ತಿ ಕೊಟ್ಟಿತು. ಹೊರಗಿನಿಂದ ನೋಡಿದವರಿಗೆ ಒಂದು ಎಳೆ ವ್ಯತ್ಯಾಸವೂ ಕಾಣುತ್ತಿರಲಿಲ್ಲ!

ಎರಡೂ ಬೇಕೆಂದರೆ? ಕೊಳವೆಯ ಉದ್ದವನ್ನೇ ಓಡುವಾಗ ಬದಲಿಸಬೇಕು. 1991ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟ ಗೆದ್ದ ಮಾಜ್ದಾ 787ಬಿ ಕಾರಿನ ರೋಟರಿ ಎಂಜಿನ್ನಿನಲ್ಲಿ ದೂರದರ್ಶಕದ ಹಾಗೆ ಹಿಗ್ಗಿ ಕುಗ್ಗುವ ಕೊಳವೆಗಳಿದ್ದವು. 2001ರಲ್ಲಿ ಬಿಎಂಡಬ್ಲ್ಯು ತನ್ನ 7 ಸರಣಿಯ ವಿ8 ಎಂಜಿನ್ನಿನಲ್ಲಿ ಉದ್ದ ನಿರಂತರವಾಗಿ ಬದಲಾಗುವ ಮ್ಯಾನಿಫೋಲ್ಡನ್ನು ರಸ್ತೆಯ ಕಾರಿಗೂ ತಂದಿತು. ಸಾಮಾನ್ಯ ಗಾಡಿಗಳಲ್ಲಿ ಈ ಕೆಲಸ ಒಂದು ಮುಚ್ಚಳದಿಂದ ನಡೆಯುತ್ತದೆ. ಕೆಳವೇಗದಲ್ಲಿ ಮುಚ್ಚಿ ಉದ್ದ ದಾರಿ, ಮೇಲುವೇಗದಲ್ಲಿ ತೆರೆದು ಅಡ್ಡದಾರಿ. ಆ ಮುಚ್ಚಳದ ಕಡ್ಡಿ ಕಳಚಿಕೊಂಡರೆ ಗಾಡಿ ಓಡುತ್ತದೆ, ಆದರೆ ಒಂದು ವೇಗದಲ್ಲಿ ಸೊರಗಿದಂತೆ ಆಗುತ್ತದೆ. ‘ಮೂರು ಸಾವಿರದ ಮೇಲೆ ಏನೋ ಕಮ್ಮಿ ಅನ್ಸುತ್ತೆ’ ಎಂದು ಗಿರಾಕಿ ಹೇಳಿದಾಗ ಇದನ್ನು ನೆನಪಿಸಿಕೊಳ್ಳುವ ಮೆಕ್ಯಾನಿಕ್ ನೂರಕ್ಕೆ ಒಬ್ಬರು. ಆ ಒಬ್ಬರು ನೀವಾಗಿ.

6. ತಣ್ಣನೆಯ ಗಾಳಿಗೆ ದಾರಿ ಮಾಡಿ

ಗಾಳಿ 30 ಡಿಗ್ರಿಯಿಂದ 40 ಡಿಗ್ರಿಗೆ ಬಿಸಿಯಾದರೆ ಸಾಂದ್ರತೆ ಶೇ 3ರಷ್ಟು ಇಳಿಯುತ್ತದೆ. ಅಷ್ಟು ಶಕ್ತಿಯೂ ಹೋಯಿತು. ಅಂಬಾಸಡರ್ ಕಾಲದಲ್ಲಿ ಮ್ಯಾನಿಫೋಲ್ಡನ್ನು ಬೇಕೆಂದೇ ಎಕ್ಸಾಸ್ಟಿನ ಪಕ್ಕದಲ್ಲಿ ಕೂರಿಸಿ ಬಿಸಿ ಮಾಡುತ್ತಿದ್ದರು. ಪೆಟ್ರೋಲಿನ ಹನಿ ಆವಿಯಾಗಬೇಕಿತ್ತು. ಇಂಜೆಕ್ಟರ್ ಬಂದ ಮೇಲೆ ಆ ಅಗತ್ಯ ಹೋಯಿತು. ಈಗ ಮ್ಯಾನಿಫೋಲ್ಡ್ ಗಾಜಿನ ನಾರು ಬೆರೆಸಿದ ನೈಲಾನಿನದು. ‘ಪ್ಲಾಸ್ಟಿಕ್ ಹಾಕಿ ದುಡ್ಡು ಉಳಿಸಿದಾರೆ’ ಎಂದು ಗೊಣಗುವವರಿಗೆ ಹೇಳಿ: ಅದು ಅಲ್ಯೂಮಿನಿಯಮ್ಮಿಗಿಂತ ಹಗುರ, ಒಳಗೋಡೆ ನಯ, ಎಂಜಿನ್ನಿನ ಬಿಸಿಯನ್ನು ಗಾಳಿಗೆ ದಾಟಿಸುವುದು ಕಡಿಮೆ. ಚಂದಕ್ಕೆಂದು ತೆರೆದ ಫಿಲ್ಟರನ್ನು ಬಾನೆಟ್ ಒಳಗೆ ಕೂರಿಸುವ ಹುಡುಗರು ಬಿಸಿಗಾಳಿಯನ್ನೇ ಎಂಜಿನ್ನಿಗೆ ಕುಡಿಸುತ್ತಿರುತ್ತಾರೆ. ಕಂಪನಿಯವರು ಕೊಟ್ಟ ಮೂತಿ ಗಾಡಿಯ ಮುಂಭಾಗದ ತಂಪಿನ ಕಡೆ ಮುಖಮಾಡಿರುವುದು ಸುಮ್ಮನೆ ಅಲ್ಲ.

7. ವ್ಯಾಕ್ಯೂಮ್ ಓದುವುದನ್ನು ಕಲಿಯಿರಿ

ಐಡಲಿನಲ್ಲಿ ಥ್ರೊಟಲ್ ಬಹುಪಾಲು ಮುಚ್ಚಿರುತ್ತದೆ. ಪಿಸ್ಟನ್‌ಗಳು ಜಾಗ ಮಾಡುತ್ತಲೇ ಇರುತ್ತವೆ, ಬರುವ ಗಾಳಿ ಸಾಲುವುದಿಲ್ಲ. ಮ್ಯಾನಿಫೋಲ್ಡಿನ ಒತ್ತಡ 30ರಿಂದ 40 ಕಿಲೋಪ್ಯಾಸ್ಕಲಿಗೆ ಇಳಿಯುತ್ತದೆ. ಈ ಕೊರತೆಯೇ ವ್ಯಾಕ್ಯೂಮ್. ಬ್ರೇಕ್ ಬೂಸ್ಟರಿಗೆ ಬಲ ಕೊಡುವುದು, ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಳೆದು ಉರಿಸುವುದು, ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಒಳಗೆ ತರುವುದು, ಎಲ್ಲಕ್ಕೂ ಇದೇ ಆಧಾರ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಹೀಗೆ ತಡೆದು ವೇಗ ನಿಯಂತ್ರಿಸುವುದಿಲ್ಲ, ಹಾಗಾಗಿ ವ್ಯಾಕ್ಯೂಮ್ ಸಿಗುವುದಿಲ್ಲ. ಬ್ರೇಕಿಗಾಗಿ ಬೇರೆ ಪಂಪ್ ಇಡುತ್ತಾರೆ. ಎಷ್ಟೋ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೆ ಅಂಟಿಕೊಂಡಿರುತ್ತದೆ.

ಒಂದು ವ್ಯಾಕ್ಯೂಮ್ ಗೇಜ್ ಕೊಂಡಿಡಿ. ಮುಳ್ಳು ಅಲುಗದೆ ನಿಂತರೆ ಒಳ್ಳೆಯದು. ತಾಳ ಹಾಕಿದಂತೆ ಪದೇ ಪದೇ ಜಿಗಿದರೆ ವಾಲ್ವ್ ನೋಡಿ. 2,500 ಆರ್‌ಪಿಎಂನಲ್ಲಿ ಹಿಡಿದಾಗ ನಿಧಾನವಾಗಿ ಇಳಿಯುತ್ತ ಹೋದರೆ ಸೈಲೆನ್ಸರ್ ಕಟ್ಟಿಕೊಂಡಿದೆಯೇ ಎಂದು ನೋಡಿ.

ಇಲ್ಲೊಂದು ಎಚ್ಚರಿಕೆ. ಹೊರದೇಶದ ಪುಸ್ತಕಗಳಲ್ಲಿ ಆರೋಗ್ಯವಂತ ಎಂಜಿನ್ ಐಡಲಿನಲ್ಲಿ 17ರಿಂದ 21 ಅಂಗುಲ ಪಾದರಸದಷ್ಟು ವ್ಯಾಕ್ಯೂಮ್ ತೋರಿಸಬೇಕು ಎಂದಿರುತ್ತದೆ. ಅದು ಸಮುದ್ರಮಟ್ಟದ ಮಾತು. ಪ್ರತಿ 1,000 ಅಡಿಗೆ ಒಂದು ಅಂಗುಲ ಕಳೆಯಬೇಕು. ಬೆಂಗಳೂರಿನಲ್ಲಿ ಮೂರು ಅಂಗುಲ ಕಡಿಮೆ, 14ರಿಂದ 18. ಇದು ಗೊತ್ತಿಲ್ಲದೆ ಚೆನ್ನಾಗಿದ್ದ ಎಂಜಿನ್ನಿಗೆ ರಿಂಗ್ ಕೆಲಸ ಬರೆದುಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ಮನಸ್ಸಿಗೆ ನೋವಾಗುತ್ತದೆ.

ಸ್ಕ್ಯಾನರ್ ಇದ್ದರೆ ಇನ್ನೂ ಸುಲಭದ ಪರೀಕ್ಷೆ ಇದೆ. ಕೀ ತಿರುಗಿಸಿ, ಎಂಜಿನ್ ಶುರುಮಾಡಬೇಡಿ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಆಗ ನಿಮ್ಮ ಊರಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಬೆಂಗಳೂರಿನಲ್ಲಿ 91ರ ಹತ್ತಿರ. 75 ಎಂದೋ 105 ಎಂದೋ ತೋರಿಸಿದರೆ ಮೊದಲು ಸೆನ್ಸರನ್ನೂ ಅದರ ವೈರನ್ನೂ ಅನುಮಾನಿಸಿ.

8. ಬಿಚ್ಚುವ ಮೊದಲು ಕಿವಿ ಕೊಡಿ

ಏರ್ ಲೀಕ್ ಎಂದರೆ ಲೆಕ್ಕಕ್ಕೆ ಸಿಗದ ಗಾಳಿ. ಥ್ರೊಟಲಿಗೆ ಮೊದಲೇ ಗಾಳಿಯನ್ನು ಅಳೆಯುವ ಮ್ಯಾಫ್ ಸೆನ್ಸರ್ ಇರುವ ಗಾಡಿಯಲ್ಲಿ, ಬಿರುಕಿನಿಂದ ನುಸುಳಿದ ಗಾಳಿ ಅಳತೆಗೆ ಬರುವುದೇ ಇಲ್ಲ. ಪೆಟ್ರೋಲ್ ಸಾಲದೆ ಎಂಜಿನ್ ನಡುಗುತ್ತದೆ, ಪಿ0171 ಕೋಡ್ ಬೀಳುತ್ತದೆ. ಮ್ಯಾಪ್ ಸೆನ್ಸರ್ ಮಾತ್ರ ಇರುವ ಗಾಡಿಯಲ್ಲಿ ಕಂಪ್ಯೂಟರ್ ಹೆಚ್ಚಾದ ಒತ್ತಡ ನೋಡಿ ಪೆಟ್ರೋಲನ್ನೂ ಹೆಚ್ಚಿಸುತ್ತದೆ. ಅಲ್ಲಿ ನಡುಕಕ್ಕಿಂತ ಮೊದಲು ಐಡಲ್ ಏರುವುದು ಕಾಣಿಸುತ್ತದೆ. ಒಂದೇ ಬಿರುಕು, ಎರಡು ಗಾಡಿಯಲ್ಲಿ ಎರಡು ಲಕ್ಷಣ. ನಿಮ್ಮ ಮುಂದಿರುವ ಗಾಡಿ ಯಾವ ಜಾತಿಯದೆಂದು ಮೊದಲು ತಿಳಿದುಕೊಳ್ಳಿ.

ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ ನೋಡಿ. ಐಡಲಿನಲ್ಲಿ ಶೇ 20ರಷ್ಟು ಪೆಟ್ರೋಲ್ ಹೆಚ್ಚುವರಿ ಕೊಡುತ್ತಿದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಅದು ಶೇ 3ಕ್ಕೋ 4ಕ್ಕೋ ಇಳಿದರೆ ಲೀಕ್ ಎಂದೇ ಹುಡುಕಿ. ವೇಗ ಹೆಚ್ಚಿದಾಗ ಒಟ್ಟು ಗಾಳಿಯ ಹೊಳೆಯಲ್ಲಿ ಬಿರುಕಿನ ಗಾಳಿ ಹನಿಯಷ್ಟಾಗುತ್ತದೆ, ಅದಕ್ಕೇ. ಉಲ್ಟಾ ಆದರೆ, ಅಂದರೆ ವೇಗ ಏರಿದಂತೆ ಟ್ರಿಮ್ ಕೂಡ ಏರಿದರೆ, ಗಾಡಿಯ ಪೆಟ್ರೋಲ್ ಪಂಪ್, ಪೆಟ್ರೋಲ್ ಫಿಲ್ಟರುಗಳ ಕಡೆ ಗಮನ ಕೊಡಿ.

ಸ್ಕ್ಯಾನರ್ ಇಲ್ಲವೇ? ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಗ್ಯಾಸ್ಕೆಟ್ಟಿನ ಅಂಚಿನುದ್ದಕ್ಕೂ ಸರಿಸಿ. ಫ್ಯಾನಿನಿಂದ, ಬೆಲ್ಟಿನಿಂದ ದೂರ. ಲೀಕ್ ಇರುವ ಕಡೆ ಹಾವು ಬುಸುಗುಟ್ಟಿದಂತೆ ಕೇಳುತ್ತದೆ. ಸೋಪಿನ ನೀರನ್ನು ಸಣ್ಣಗೆ ಸಿಂಪಡಿಸಿ. ಬಿರುಕಿನ ಮೇಲೆ ಬಿದ್ದ ಕ್ಷಣ ಐಡಲ್ ಬದಲಾಗುತ್ತದೆ. ಕಾರ್ಬುರೇಟರ್ ಕ್ಲೀನರ್ ಹೊಡೆದು ನೋಡುವವರಿದ್ದಾರೆ. ಅದು ಬೆಂಕಿ ಹೊತ್ತಿಕೊಳ್ಳುವ ದ್ರವ, ಪಕ್ಕದಲ್ಲೇ ಕೆಂಪಗೆ ಕಾದ ಎಕ್ಸಾಸ್ಟ್ ಇರುತ್ತದೆ. ಊದುಬತ್ತಿಯ ಹೊಗೆ ಹಿಡಿದು ಹುಡುಕುವವರನ್ನೂ ನೋಡಿದ್ದೇನೆ. ಪೆಟ್ರೋಲ್ ಆವಿ ಸುಳಿದಾಡುವಲ್ಲಿ ಕೆಂಡ ತರಬೇಡಿ, ದಯವಿಟ್ಟು.

ಬ್ರೇಕ್ ಪೆಡಲ್ ಒತ್ತಿ ಹಿಡಿದಾಗ ಐಡಲ್ ಕೆಟ್ಟರೆ ಬೂಸ್ಟರಿನ ಒಳಪೊರೆ ಹರಿದಿರಬಹುದು. ಇದನ್ನು ನಾಳೆಗೆ ಮುಂದೂಡಬೇಡಿ, ಮನುಷ್ಯರ ಪ್ರಾಣದ ವಿಷಯ.

ಕಾರ್ಬುರೇಟರ್ ಇರುವ ಬೈಕಿನವರಿಗೂ ಒಂದು ಮಾತು. ಕಾರ್ಬುರೇಟರಿಗೂ ಹೆಡ್ಡಿಗೂ ನಡುವೆ ಇರುವ ಗಿಡ್ಡ ರಬ್ಬರ್ ತುಂಡೇ ನಿಮ್ಮ ಮ್ಯಾನಿಫೋಲ್ಡ್. ಬಿಸಿಲಿಗೆ, ಬಿಸಿಗೆ ಅದು ಒಣಗಿ ಸೀಳುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಎಂದರೆ ಮೊದಲು ಅದನ್ನು ಬಗ್ಗಿಸಿ ನೋಡಿ.

9. ಕೈಯ ಬಲವನ್ನು ನಂಬಬೇಡಿ, ಟಾರ್ಕ್ ರೆಂಚನ್ನು ನಂಬಿ

ಮ್ಯಾನಿಫೋಲ್ಡಿನ ಆರು ಮಿಲಿಮೀಟರ್ ಬೋಲ್ಟುಗಳಿಗೆ ಸಾಮಾನ್ಯವಾಗಿ ಬೇಕಾದ ಬಿಗಿ 10 ನ್ಯೂಟನ್-ಮೀಟರ್ ಆಸುಪಾಸು. ಒಂದು ಗೇಣು ಉದ್ದದ ಸ್ಪ್ಯಾನರಿನ ತುದಿಗೆ ನಾಲ್ಕೂವರೆ ಕಿಲೋ ಭಾರ ಇಟ್ಟಷ್ಟು. ನಮ್ಮ ಹುಡುಗರ ತೋಳು ಅದರ ಮೂರು ಪಟ್ಟನ್ನು ಗೊತ್ತಿಲ್ಲದೆ ಹಾಕಿಬಿಡುತ್ತದೆ. ನೈಲಾನ್ ಸೀಳುತ್ತದೆ, ಇಲ್ಲವೇ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹಾಳಾಗುತ್ತದೆ. ಆಯಾ ಗಾಡಿಯ ಮ್ಯಾನ್ಯುಯಲ್ ತೆರೆದು ಅಂಕಿ ನೋಡಿ. ನಡುವಿನ ಬೋಲ್ಟಿನಿಂದ ಶುರುಮಾಡಿ ಎರಡೂ ಕಡೆ ಹೊರಕ್ಕೆ ಹೋಗಿ, ಒಂದೇ ಸಲಕ್ಕೆ ಮುಗಿಸದೆ ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ಹೊಸದನ್ನು ತರಲು ಬೆಂಗಳೂರಿನ ಬಿಡಿಭಾಗಗಳ ಅಂಗಡಿಸಾಲು ಜೆ.ಸಿ. ರಸ್ತೆಗೆ ಹೋಗಿ ಬರುವ ಬೇಸರಕ್ಕೆ ಹಳೆಯದರ ಮೇಲೆ ಸೀಲೆಂಟ್ ಮೆತ್ತಿದರೆ ಅದೇ ಕೆಲಸವನ್ನು ತಿಂಗಳೊಳಗೆ ಮತ್ತೆ, ಪುಕ್ಕಟೆ ಮಾಡಬೇಕಾಗುತ್ತದೆ.

ಮ್ಯಾನಿಫೋಲ್ಡ್ ಬಿಚ್ಚಿದ ಕೂಡಲೇ ಹೆಡ್ಡಿನ ಪೋರ್ಟುಗಳಿಗೆ ಶುಭ್ರವಾದ ಬಟ್ಟೆ ತುರುಕಿ. ತುಂಬ ವರ್ಷದ ಹಿಂದೆ ನನ್ನ ಕೈಯಿಂದಲೇ ಒಂದು ಸಣ್ಣ ನಟ್ಟು ತೆರೆದ ಪೋರ್ಟಿಗೆ ಜಾರಿಬಿತ್ತು. ಟಣ್ ಎಂದ ಆ ಸದ್ದು ಈಗಲೂ ಕಿವಿಯಲ್ಲಿದೆ. ಅಯಸ್ಕಾಂತದ ಕಡ್ಡಿ ಹಾಕಿ ಎರಡು ತಾಸು ತಡಕಾಡಿ ತೆಗೆದೆ. ನೋಡದೆ ಸ್ಟಾರ್ಟ್ ಮಾಡಿದ್ದರೆ ಪಿಸ್ಟನ್, ವಾಲ್ವ್ ಎರಡೂ ಹೋಗುತ್ತಿದ್ದವು. ಅಂದಿನಿಂದ ಬಟ್ಟೆಯನ್ನು ಎಣಿಸಿ ಹಾಕುತ್ತೇನೆ, ಎಣಿಸಿ ತೆಗೆಯುತ್ತೇನೆ.

10. ಮಸಿಯನ್ನು ಹುಡುಕಿ ಹೋಗಿ

ಡೀಸೆಲ್ ಗಾಡಿಯಲ್ಲಿ ಇಜಿಆರ್ ವಾಲ್ವ್ ಹೊಗೆಯ ಒಂದು ಪಾಲನ್ನು ಮ್ಯಾನಿಫೋಲ್ಡಿಗೆ ವಾಪಸು ಕಳಿಸುತ್ತದೆ. ಆ ಹೊಗೆಯ ಮಸಿ ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯ ಆವಿಯ ಜೊತೆ ಸೇರಿ ಡಾಂಬರಿನಂತೆ ಗಟ್ಟಿಯಾಗುತ್ತದೆ. ಊರೊಳಗೇ ನಿಧಾನವಾಗಿ ಓಡಾಡುವ ಗಾಡಿಗಳಲ್ಲಿ ಕೊಳವೆಯ ದಾರಿ ಅರ್ಧಕ್ಕೆ ಇಳಿದದ್ದೂ ಇದೆ.

ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್‌ಗಳಲ್ಲಿ ತೊಂದರೆ ಬೇರೆ. ಮೊದಲೆಲ್ಲ ವಾಲ್ವಿನ ಬೆನ್ನ ಮೇಲೆ ಬಿದ್ದ ಪೆಟ್ರೋಲ್ ಅದನ್ನು ತೊಳೆಯುತ್ತಿತ್ತು. ಈಗ ತೊಳೆಯುವವರಿಲ್ಲ, ಎಣ್ಣೆಯ ಆವಿ ವಾಲ್ವಿನ ಮೇಲೆ ಕರಕಲಾಗಿ ಕೂರುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಕ್ಲೀನರ್ ಆ ವಾಲ್ವನ್ನು ಮುಟ್ಟುವುದೇ ಇಲ್ಲ. ಗಿರಾಕಿಯ ಹಣ ಅದಕ್ಕೆ ಹಾಕಿಸಬೇಡಿ. ಮ್ಯಾನಿಫೋಲ್ಡ್ ಬಿಚ್ಚಿ, ಆಕ್ರೋಟದ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಶುಚಿ ಮಾಡುವ ಪದ್ಧತಿ ಇದೆ. ಟೊಯೊಟಾದ ಡಿ-4ಎಸ್ ಎಂಜಿನ್‌ಗಳು ಪೋರ್ಟಿಗೊಂದು, ಸಿಲಿಂಡರಿಗೊಂದು ಇಂಜೆಕ್ಟರ್ ಇಟ್ಟುಕೊಂಡಿರುವುದರ ಲಾಭಗಳಲ್ಲಿ ಈ ತೊಳೆಯುವ ಕೆಲಸವೂ ಒಂದು.

11. ಫಿಲ್ಟರ್ ವಿಷಯದಲ್ಲಿ ಜಿಪುಣತನ ಬೇಡ

ಬಳ್ಳಾರಿಯ ಅದಿರಿನ ಧೂಳಿನಲ್ಲಿ, ಕಲಬುರಗಿಯ ಬೇಸಿಗೆಯಲ್ಲಿ ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಅನ್ವಯಿಸದು. ಬೇಗ ಬದಲಿಸಿ. ಡಬ್ಬದ ಅಂಚಿನ ಸೀಲ್ ಸರಿಯಾಗಿ ಕೂತಿದೆಯೇ ನೋಡಿ. ಬಾಗಿದ ಸೀಲಿನ ಪಕ್ಕದಿಂದ ನುಗ್ಗುವ ಧೂಳು ಸಿಲಿಂಡರನ್ನು ಅರದಂತೆ ತೇಯುತ್ತದೆ. ಕಂಪ್ರೆಸರಿನ ಗಾಳಿ ಹೊಡೆದು ಕಾಗದದ ಫಿಲ್ಟರನ್ನು ಹರಿಯಬೇಡಿ.

12. ನೀರು ಕಂಡಲ್ಲಿ ನಿಲ್ಲಿ

ಗಾಳಿಯ ದಾರಿ ನೀರಿಗೂ ದಾರಿಯೇ. ಬೆಂಗಳೂರಿನಲ್ಲಿ ಒಂದು ಜೋರು ಮಳೆ ಬಂದರೆ ಅಂಡರ್‌ಪಾಸುಗಳು ಕೆರೆಯಾಗುತ್ತವೆ. ಮುಂದಿನ ಬಸ್ಸು ಹೋಯಿತೆಂದು ಸಣ್ಣ ಕಾರು ಹಿಂದೆ ಇಳಿಯುತ್ತದೆ. ಬಸ್ಸು ಎಬ್ಬಿಸಿದ ಅಲೆ ಕಾರಿನ ಗಾಳಿಮೂತಿಗೆ ನುಗ್ಗುತ್ತದೆ.

ಎಷ್ಟು ನೀರು ಸಾಕು ಎಂದು ಲೆಕ್ಕ ಹಾಕೋಣ. 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ 300 ಸಿಸಿ. ಸಂಪೀಡನ ಅನುಪಾತ 10 ಆದರೆ ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ ಸುಮಾರು 33 ಸಿಸಿ. ಎರಡು ಊಟದ ಚಮಚದಷ್ಟು. ಅದಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಪಿಸ್ಟನ್ ಮೇಲೇರಲು ಜಾಗವೇ ಇಲ್ಲ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲಿನಲ್ಲಿ ಆ ಜಾಗ ಇನ್ನೂ ಚಿಕ್ಕದು.

ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಗಾಬರಿಯಲ್ಲಿ ಮತ್ತೆ ಮತ್ತೆ ಕೀ ತಿರುಗಿಸುವುದರಿಂದಲೇ ಎಷ್ಟೋ ಎಂಜಿನ್‌ಗಳು ಹಾಳಾಗುತ್ತವೆ. ನಿಮಗೆ ಫೋನ್ ಮಾಡುವ ಗಿರಾಕಿಗೆ ಸಮಾಧಾನದಿಂದ ಹೇಳಿ: ‘ಅಣ್ಣಾ, ಕೀ ಆಫ್ ಮಾಡಿ. ನೀರು ಏರೋ ಮುಂಚೆ ಎಲ್ಲರನ್ನೂ ಕೆಳಗಿಳಿಸಿ ಮೇಲಕ್ಕೆ ಕಳಿಸಿ. ಆಮೇಲೆ ಆದರೆ ಗಾಡಿ ತಳ್ಳಿಸಿ, ಇಲ್ಲಾಂದ್ರೆ ಬಿಟ್ಟು ಬನ್ನಿ.’ ಗಾಡಿ ಗ್ಯಾರೇಜಿಗೆ ಬಂದ ಮೇಲೆ ಮೊದಲು ಫಿಲ್ಟರ್ ಡಬ್ಬ ತೆರೆಯಿರಿ. ಫಿಲ್ಟರ್ ಒದ್ದೆಯಾಗಿದ್ದರೆ ಇಗ್ನಿಷನ್, ಇಂಜೆಕ್ಟರ್ ಎರಡರ ಸಂಪರ್ಕವನ್ನೂ ತಪ್ಪಿಸಿ, ಎಲ್ಲ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಪ್ಲಗ್ಗಿನ ತೂತಿನಿಂದ ನೀರು ಹೊರಚಿಮ್ಮಿದರೆ ಎಂಜಿನ್ ಎಣ್ಣೆಯನ್ನೂ ಇಳಿಸಿ ನೋಡಿ. ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಕೆಳಗೂ ಇಳಿದಿದೆ. ಪ್ಲೀನಮ್ ಬಿಚ್ಚಿ ತಳದಲ್ಲಿ ನಿಂತ ನೀರನ್ನು ಬಟ್ಟೆಯಿಂದ ಒರೆಸಿ. ಕಂಪ್ರೆಷನ್ ಪರೀಕ್ಷೆ ಮಾಡಿ, ನಾಲ್ಕೂ ಸಿಲಿಂಡರಿನ ಅಂಕಿಯನ್ನು ಚೀಟಿಯಲ್ಲಿ ಬರೆದು ಮಾಲೀಕರಿಗೆ ತೋರಿಸಿ. ಕೀ ತಿರುಗಿಸುವುದು ಅದಾದ ಮೇಲೆ.